ಜುಲೈನಲ್ಲಿ ನಾರ್ವೆ ಹಡಗು ಪ್ರವಾಸ: ಅಪ್ಪ ಅಮ್ಮನ ಪೆಟ್ಟಿಗೆಗೆ ಯಾವ ಬಟ್ಟೆ ಹಾಕಬೇಕು?

ಹೇಮಾವತಿ ದಂಡೆ, ಹಾಸನ

ಅಪ್ಪನಿಗೆ 68, ಅಮ್ಮನಿಗೆ 63. ಜುಲೈ ಎರಡನೇ ವಾರದಿಂದ 12 ದಿನದ ಹಡಗು ಪ್ರವಾಸ. ಕೋಪನ್‌ಹೇಗನ್‌ನಲ್ಲಿ ಹತ್ತಿ ಬರ್ಗೆನ್, ಗೈರಾಂಗರ್, ಟ್ರೊಮ್ಸೊ, ನಾರ್ತ್ ಕೇಪ್ ಮುಗಿಸಿ ವಾಪಸ್ ಕೋಪನ್‌ಹೇಗನ್. ವಿಮಾನದಲ್ಲಿ ಒಬ್ಬರಿಗೆ 23 ಕೆಜಿ ಪೆಟ್ಟಿಗೆ, 7 ಕೆಜಿ ಕೈಚೀಲ. ಏಜೆಂಟ್ ಕೊಟ್ಟ ಹಾಳೆಯಲ್ಲಿ "ಬೆಚ್ಚನೆ ಉಡುಪು, ರೇನ್‌ಕೋಟ್" ಅಂತ ಎರಡೇ ಪದ ಇದೆ. ಒಬ್ಬರು ಅಲ್ಲಿ 30 ಡಿಗ್ರಿ ಬಿಸಿಲು ಅಂತಾರೆ, ಇನ್ನೊಬ್ಬರು ಹಿಮ ಬಿದ್ದಿರುತ್ತೆ ಅಂತಾರೆ. ಮನೆಯಲ್ಲಿ ಎರಡು ಉಣ್ಣೆ ಸ್ವೆಟರ್, ತೋಟಕ್ಕೆ ಹಾಕೋ ಪ್ಲಾಸ್ಟಿಕ್ ರೇನ್‌ಕೋಟ್, ಒಂದು ದಪ್ಪ ಜಾಕೆಟ್ ಇದೆ. ಅಮ್ಮ ಸೀರೆ ಬಿಟ್ಟು ಬೇರೆ ಉಡೋದಿಲ್ಲ. ಇದರಲ್ಲಿ ಯಾವುದು ನಡೆಯುತ್ತೆ, ಯಾವುದನ್ನ ಹೊಸದಾಗಿ ಕೊಳ್ಳಬೇಕು? ತಿಳಿದವರು ಬಿಡಿಸಿ ಹೇಳಿ.

ಗಾಳಿ ನಕ್ಷೆ, ಕಡೂರು

ನಿಮಗೆ ಹೇಳಿದ ಇಬ್ಬರ ಮಾತೂ ನಿಜ. ಅದಕ್ಕೇ ತೊಡಕು.

ಮೊದಲು ಸರಾಸರಿ ನೋಡಿ. ಜುಲೈ ಹಗಲಲ್ಲಿ ಕೋಪನ್‌ಹೇಗನ್ 22 ಡಿಗ್ರಿ ಆಸುಪಾಸು, ಬರ್ಗೆನ್ 18, ಟ್ರೊಮ್ಸೊ 15, ನಾರ್ತ್ ಕೇಪ್ ಪಕ್ಕದ ಹೊನ್ನಿಂಗ್ಸ್‌ವೋಗ್ 12-13. ಹಾಸನದ ಜುಲೈ ಹಗಲೇ 25ರ ಹತ್ತಿರ ಇರುತ್ತಲ್ಲ, ಅದರ ಅರ್ಧ ಅಂದುಕೊಳ್ಳಿ. ಆದರೆ ಸರಾಸರಿ ನಂಬಿ ಪೆಟ್ಟಿಗೆ ಕಟ್ಟಿದರೆ ಕೆಡುತ್ತೆ. ದಕ್ಷಿಣದಿಂದಲೋ ಪೂರ್ವದಿಂದಲೋ ನೆಲದ ಮೇಲಿನ ಗಾಳಿ ಬಂದರೆ ಅಲ್ಲಿ ನಮ್ಮ ಏಪ್ರಿಲ್. 2021ರ ಜುಲೈ 5ರಂದು ಬಾನಾಕ್‌ನಲ್ಲಿ 34.3 ಡಿಗ್ರಿ ದಾಖಲಾಗಿದೆ. ಬಾನಾಕ್ ಇರೋದು ನಾರ್ತ್ ಕೇಪ್ ಇರುವ ಫಿನ್‌ಮಾರ್ಕ್ ಪ್ರಾಂತ್ಯದಲ್ಲೇ. ಅದೇ ಗಾಳಿ ವಾಯವ್ಯಕ್ಕೆ ತಿರುಗಿ ಆರ್ಕ್ಟಿಕ್ ಸಮುದ್ರದ ಕಡೆಯಿಂದ ಬೀಸಿದರೆ ಕೆಲವೇ ಗಂಟೆಯಲ್ಲಿ 8 ಡಿಗ್ರಿಗೆ ಇಳಿದು ಸೋನೆ ಹಿಡಿಯುತ್ತೆ. ಬರ್ಗೆನ್‌ನಲ್ಲಂತೂ ವರ್ಷಕ್ಕೆ 200ಕ್ಕೂ ಹೆಚ್ಚು ದಿನ ಮಳೆ.

ಇದರ ಮೇಲೆ ಹಡಗಿನದೇ ಗಾಳಿ ಒಂದಿದೆ, ಅದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ. 20 ನಾಟ್ ವೇಗ ಅಂದರೆ ಗಂಟೆಗೆ 37 ಕಿ.ಮೀ. ಎಲೆ ಅಲ್ಲಾಡದ ದಿನವೂ ತೆರೆದ ಡೆಕ್ಕಿನ ಮೇಲೆ ಮುಖಕ್ಕೆ ಅಷ್ಟು ಗಾಳಿ ಹೊಡೆಯುತ್ತೆ. ಎದುರುಗಾಳಿ ಇದ್ದರೆ ಎರಡೂ ಕೂಡುತ್ತೆ. 10 ಡಿಗ್ರಿಯಲ್ಲಿ 40 ಕಿ.ಮೀ. ಗಾಳಿ ಇದ್ದರೆ ಮೈಗೆ 6 ಡಿಗ್ರಿಯಂತೆ ತಾಗುತ್ತೆ. 5 ಡಿಗ್ರಿಯಲ್ಲಿ ಅಷ್ಟೇ ಗಾಳಿ ಇದ್ದರೆ ಸೊನ್ನೆಗಿಂತ ಕೆಳಗೆ. ಇದು ಒಣಗಿರೋ ಮುಖದ ಚರ್ಮದ ಲೆಕ್ಕ. ನೆನೆದಿದ್ದರೆ ಇನ್ನೂ ಕಷ್ಟ.

ಅಪ್ಪ ಅಮ್ಮನ ಫೋನಿಗೆ ವೈಆರ್ (Yr) ಆ್ಯಪ್ ಹಾಕಿಕೊಡಿ, ನಾರ್ವೆಯ ಹವಾಮಾನ ಸಂಸ್ಥೆಯದ್ದು. ಗಂಟೆ ಗಂಟೆಯ ಮಳೆ, ಗಾಳಿ ಕೊಡುತ್ತೆ. ಮುಂದಿನ 48 ಗಂಟೆಯದ್ದನ್ನ ನಂಬಿ. ಹತ್ತು ದಿನ ಮುಂದಿನದ್ದು ನೋಡಿ ಪೆಟ್ಟಿಗೆಯಿಂದ ಬಟ್ಟೆ ತೆಗೆಯೋ ಕೆಲಸ ಮಾತ್ರ ಮಾಡಬೇಡಿ. ಗಾಳಿಯನ್ನ ಅದು ಸೆಕೆಂಡಿಗೆ ಇಷ್ಟು ಮೀಟರ್ ಅಂತ ತೋರಿಸುತ್ತೆ, 3.6ರಿಂದ ಗುಣಿಸಿದರೆ ಗಂಟೆಗೆ ಕಿ.ಮೀ. ಸಿಗುತ್ತೆ.

ಮುಳ್ಳಯ್ಯನಗಿರಿ ಹಾದಿ, ಚಿಕ್ಕಮಗಳೂರು

ಎತ್ತರದ ಮಾತನ್ನೂ ಸೇರಿಸ್ತೀನಿ. ಗೈರಾಂಗರ್ ಬಂದರು ಸಮುದ್ರಮಟ್ಟದಲ್ಲಿದೆ. ಅಲ್ಲಿಂದ ಬಸ್ಸಲ್ಲಿ ಕರ್ಕೊಂಡು ಹೋಗೋ ಡಾಲ್ಸ್‌ನಿಬ್ಬಾ ಸುಮಾರು 1,500 ಮೀಟರ್. ನಮ್ಮ ಚಿಕ್ಕಮಗಳೂರು ಪೇಟೆಯಿಂದ ಮುಳ್ಳಯ್ಯನಗಿರಿ ತುದಿಗೆ ಏರೋದು 850 ಮೀಟರ್‌ನಷ್ಟು, ಅಷ್ಟಕ್ಕೇ ಮೇಲೆ ಹಲ್ಲು ಕಟಕಟ ಅನ್ನುತ್ತೆ. ನೂರು ಮೀಟರ್‌ಗೆ 0.6 ಡಿಗ್ರಿ ಲೆಕ್ಕ ಹಿಡಿದರೆ ಡಾಲ್ಸ್‌ನಿಬ್ಬಾದಲ್ಲಿ ಬಂದರಿಗಿಂತ 9 ಡಿಗ್ರಿ ಕಮ್ಮಿ. ಕೆಳಗೆ ಟೀ ಶರ್ಟ್ ಹಾಕಿ ನಿಂತವರಿಗೆ ಒಂದು ಗಂಟೆಯೊಳಗೆ ಮೇಲೆ ಹಿಮ ಎದುರಾಗಬಹುದು.

ಹಂಗಾಗಿ ದಪ್ಪ ಬಟ್ಟೆ ಒಂದು ಬೇಡ, ತೆಳು ಬಟ್ಟೆ ಮೂರು ಬೇಕು. ಮೈಗಂಟಿ ಒಂದು, ಮಧ್ಯೆ ಬೆಚ್ಚಗಿಡೋದು ಒಂದು, ಹೊರಗೆ ಗಾಳಿ ನೀರು ತಡೆಯೋದು ಒಂದು.

ಮೈಗಂಟೋದು: ಮೆರಿನೊ ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್, ತೆಳುವಾದ್ದೇ ಸಾಕು. ಮೆರಿನೊ ಆದರೆ ಚದರ ಮೀಟರ್‌ಗೆ 150ರಿಂದ 200 ಗ್ರಾಂ ಅಂತ ಬರೆದಿರೋದು ನೋಡಿ. ಮೇಲೆ ಎರಡು, ಕೆಳಗೆ ಒಂದು, ಒಬ್ಬರಿಗೆ. ಮೆರಿನೊ ತುಟ್ಟಿ, ಆದರೆ ಮೂರ್ನಾಲ್ಕು ದಿನ ಹಾಕಿದರೂ ವಾಸನೆ ಬರಲ್ಲ. ಪಾಲಿಯೆಸ್ಟರ್ ಎರಡನೇ ದಿನಕ್ಕೇ ಬೆವರು ನಾತ ಹಿಡಿಯುತ್ತೆ, ಆದರೆ ಬೇಗ ಒಣಗುತ್ತೆ, ಅಗ್ಗ.

ಮಧ್ಯದ್ದು: ಚದರ ಮೀಟರ್‌ಗೆ 200 ಗ್ರಾಂ ತೂಕದ ಫ್ಲೀಸ್, ಅಂದರೆ ಜುಂಗು ಜುಂಗಾದ ಮೆತ್ತನೆ ಪಾಲಿಯೆಸ್ಟರ್ ಬಟ್ಟೆಯ ಅಂಗಿ, ಮುಂದೆ ಪೂರ್ತಿ ಜಿಪ್ ಇರೋದು. ತಲೆ ಮೇಲಿಂದ ಎಳೆದು ಹಾಕೋದು ವಯಸ್ಸಾದವರಿಗೆ ಬೇಡ. ಭುಜ ಹಿಡಿದಿದ್ದರೆ ಬಸ್ಸಿನ ಸೀಟಲ್ಲಿ ಕೂತು ತೆಗೆಯೋಕೆ ಆಗಲ್ಲ. ಇದರ ಜೊತೆ ಒಂದು ತೆಳು ಪ್ಯಾಡೆಡ್ ಜಾಕೆಟ್, ಮುದುರಿ ಸಣ್ಣ ಚೀಲಕ್ಕೆ ತುಂಬೋ ತರದ್ದು. ಬಾತುಕೋಳಿ ಪುಕ್ಕ ತುಂಬಿದ್ದು ಹಗುರ, ಆದರೆ ನೆನೆದರೆ ಮುದ್ದೆಗಟ್ಟಿ ಬೆಚ್ಚಗಿಡೋ ಗುಣ ಹೋಗುತ್ತೆ. ಮಳೆ ಕಡಲಿಗೆ ಕೃತಕ ನಾರು ತುಂಬಿದ್ದೇ ವಾಸಿ.

ಹೊರಗಿನದ್ದರ ಬಗ್ಗೆ ಬೇರೆಯವರು ಬರೀಲಿ, ಅದೇ ಮುಖ್ಯ.

ರೋಬಸ್ಟಾ, ಸಕಲೇಶಪುರ

ಇಷ್ಟೊಂದು ಯಾಕ್ರೀ? ಹಾನುಬಾಳು ಕಡೆ ಜುಲೈ ಮಳೆಯಲ್ಲಿ ದಿನಾ ತೋಟ ಸುತ್ತೋರಿಗೆ ನಾರ್ವೆ ಸೋನೆ ಯಾವ ಲೆಕ್ಕ. ಮನೆಯಲ್ಲಿರೋ ದಪ್ಪ ಜಾಕೆಟ್, ಅದರ ಮೇಲೆ ತೋಟದ ರೇನ್‌ಕೋಟ್, ಒಂದು ಗಟ್ಟಿ ಕೊಡೆ. ವಯಸ್ಸಾದವರಿಗೆ ಹಾಕೋದು ತೆಗೆಯೋದು ಕಮ್ಮಿ ಇದ್ದಷ್ಟೂ ಒಳ್ಳೇದು. ನನ್ನ ಪ್ರಾಮಾಣಿಕ ಅಭಿಪ್ರಾಯ ಇದು.

ಮುಳ್ಳಯ್ಯನಗಿರಿ ಹಾದಿ, ಚಿಕ್ಕಮಗಳೂರು

ಅಣ್ಣ, ನಿಮ್ಮ ಮಾತಲ್ಲಿ ಹುರುಳಿದೆ, ಹಾಕೋದು ತೆಗೆಯೋದು ಸುಲಭ ಇರಬೇಕು ಅನ್ನೋದು ಸರಿ. ಆದರೆ ಮಲೆನಾಡಿನ ಮಳೆ 19-20 ಡಿಗ್ರಿಯಲ್ಲಿ ಬೀಳೋದು. ಇಲ್ಲಿ ನೆನೆದರೂ ಮೈ ತಣ್ಣಗಾಗೋಕೆ ಹೊತ್ತು ಹಿಡಿಯುತ್ತೆ, ಮನೆಗೆ ಬಂದು ಬಚ್ಚಲೊಲೆ ಮುಂದೆ ಕೂತರೆ ಮುಗೀತು. ಅಲ್ಲಿ 9 ಡಿಗ್ರಿಯಲ್ಲಿ ನೆನೆದು, ಗಾಳಿಗೆ ನಿಂತು, ಹಡಗಿಗೆ ವಾಪಸ್ ಹೋಗೋಕೆ ಇನ್ನೂ ಮೂರು ಗಂಟೆ ಇರುತ್ತೆ.

ದಪ್ಪ ಜಾಕೆಟ್ ಒಂದೇ ಇದ್ದರೆ ಹಾಕಿದರೆ ಸೆಕೆ, ತೆಗೆದರೆ ಚಳಿ, ನಡುವೆ ಏನೂ ಇಲ್ಲ. ಬಸ್ಸಿನೊಳಗೆ 22 ಡಿಗ್ರಿ, ಹೊರಗೆ 10, ಮ್ಯೂಸಿಯಂ ಒಳಗೆ ಮತ್ತೆ 22. ದಿನಕ್ಕೆ ಹತ್ತು ಸಲ ಹೀಗೆ. ದಪ್ಪ ಜಾಕೆಟ್ಟೊಳಗೆ ಬೆವರಿ, ಆ ಬೆವರೇ ಹೊರಗೆ ಬಂದಾಗ ತಣ್ಣಗಾಗಿ ನಡುಕ ಬರಿಸುತ್ತೆ. ತೋಟದ ಪ್ಲಾಸ್ಟಿಕ್ ರೇನ್‌ಕೋಟ್‌ನದೂ ಅದೇ ಕಥೆ. ಹೊರಗಿನ ನೀರು ಒಳಗೆ ಬರಲ್ಲ, ಒಳಗಿನ ಹಬೆ ಹೊರಗೆ ಹೋಗಲ್ಲ. ಅರ್ಧ ಗಂಟೆ ದಿಬ್ಬ ಹತ್ತಿದರೆ ತೋಳಿನೊಳಗೆ ನೀರು ಇಳಿಯುತ್ತೆ, ಮಳೆ ಸೋರಿದೆ ಅಂದ್ಕೋತೀವಿ, ಅದು ನಮ್ಮದೇ ಬೆವರು.

ಕೊಡೆ ಬರ್ಗೆನ್ ಬೀದಿಗೆ ಒಂದು ಮಟ್ಟಕ್ಕೆ ಆಗುತ್ತೆ. ಡೆಕ್ಕಿನ ಮೇಲೆ, ನಾರ್ತ್ ಕೇಪ್ ಬಂಡೆ ಮೇಲೆ ಆಗಲ್ಲ. ಆ ಬಂಡೆ ಕಡಲಿಂದ 307 ಮೀಟರ್ ಎತ್ತರ, ಮರ ಒಂದೂ ಇಲ್ಲ. ಚಾರ್ಮಾಡಿ ತಿರುವಲ್ಲಿ ಗಾಳಿ ಮಳೆಗೆ ಕೊಡೆ ಬಿಚ್ಚಿ ನೋಡಿದವರಿಗೆ ಹೇಳಬೇಕಾಗಿಲ್ಲ. ಒಂದು ಕೈ ಅದನ್ನ ಹಿಡಿಯೋಕೇ ಹೋಗುತ್ತೆ, ಆ ಕೈ ಕಂಬಿ ಹಿಡಿಯೋಕೆ ಬೇಕು.

ಸೂಜಿ ದಾರ, ಬೇಲೂರು

ಹೊರಗಿನ ಜಾಕೆಟ್ ಬಗ್ಗೆ ಹೊಲಿಗೆ ಕೆಲಸ ಬಲ್ಲ ಕಣ್ಣಿಂದ ಬರೀತೀನಿ. ಅಂಗಡಿಯಲ್ಲಿ ಚೀಟಿ ನೋಡೋ ಮೊದಲು ಜಾಕೆಟ್ ಒಳಗನ್ನ ಹೊರಗೆ ತಿರುಗಿಸಿ. ಪ್ರತಿ ಹೊಲಿಗೆ ಮೇಲೂ ಬೆರಳಗಲದ ಮಿರುಗುವ ಪಟ್ಟಿ ಅಂಟಿಸಿರಬೇಕು. ಸೂಜಿ ಹೋದ ಕಡೆಯೆಲ್ಲ ತೂತು, ಆ ತೂತು ಮುಚ್ಚೋದೇ ಈ ಪಟ್ಟಿ. ಕೆಲವು ಕಂಪನಿಗಳು ಭುಜಕ್ಕೆ, ಟೋಪಿಗೆ ಮಾತ್ರ ಅಂಟಿಸಿ ಪಕ್ಕೆ, ತೋಳು ಹಾಗೇ ಬಿಟ್ಟಿರುತ್ತವೆ. ಕಂಕುಳಲ್ಲಿ ನಾಲ್ಕು ಹೊಲಿಗೆ ಕೂಡೋ ಜಾಗ ಇದೆಯಲ್ಲ, ಅಲ್ಲಿ ಉಗುರಿಂದ ಮೆಲ್ಲಗೆ ಕೆರೆದು ನೋಡಿ. ಪಟ್ಟಿಯ ಅಂಚು ಎದ್ದು ಬಂದರೆ ಆ ಜಾಕೆಟ್ ಬೇಡ. ಸೋರೋದು ಅಲ್ಲಿಂದಲೇ.

ಆಮೇಲೆ ಚೀಟಿ. ನೀರು ತಡೆಯೋ ಅಳತೆ ಮಿ.ಮೀ.ನಲ್ಲಿ ಬರೆದಿರುತ್ತೆ. 2,000 ಅಂದರೆ ತುಂತುರಿಗೆ. ಗಾಳಿಯ ಜೊತೆ ಮಳೆಗೆ 10,000 ಇರಲಿ. ಚೀಲದ ಪಟ್ಟಿ ಭುಜವನ್ನ ಒತ್ತೋ ಕಡೆ, ಕೂತಾಗ ತೊಡೆ ಮೇಲೆ ಒತ್ತಡ ಹೆಚ್ಚು, ಕಮ್ಮಿ ಅಂಕಿಯದ್ದು ಅಲ್ಲೇ ಮೊದಲು ಬಿಡುತ್ತೆ. ಹಬೆ ಹೊರಗೆ ಬಿಡೋ ಅಳತೆ ಗ್ರಾಂನಲ್ಲಿ ಇರುತ್ತೆ, ಅದೂ 10,000ದ ಹತ್ತಿರ ಇದ್ದರೆ ಒಳ್ಳೇದು. "ವಾಟರ್ ರೆಸಿಸ್ಟೆಂಟ್" ಅಂತ ಬರೆದಿದ್ದರೆ ಅದು ರೇನ್‌ಕೋಟ್ ಅಲ್ಲ, "ವಾಟರ್‌ಪ್ರೂಫ್" ಅಂತಲೇ ಇರಬೇಕು.

ಅಳತೆ ನೋಡುವಾಗ ಒಳಗೆ ಫ್ಲೀಸ್ ಮತ್ತು ಪ್ಯಾಡೆಡ್ ಜಾಕೆಟ್ ಎರಡನ್ನೂ ಹಾಕಿಕೊಂಡೇ ನೋಡಿ. ಎರಡೂ ಕೈ ಮೇಲೆತ್ತಿದಾಗ ಸೊಂಟ ಕಾಣಬಾರದು, ಮಣಿಕಟ್ಟು ಕಾಣಬಾರದು. ಟೋಪಿ ಹಾಕಿ ಕತ್ತು ಎಡಕ್ಕೆ ತಿರುಗಿಸಿ. ಟೋಪಿ ಜೊತೆಯಲ್ಲೇ ತಿರುಗದೆ ಕಣ್ಣಿಗೆ ಅಡ್ಡ ಬಂದರೆ ಮೆಟ್ಟಿಲು ಇಳಿಯುವಾಗ ಅಪಾಯ. ಹಿಂದೆ ಬಿಗಿ ಮಾಡೋ ದಾರ ಇರಬೇಕು, ಮುಂದೆ ಗಟ್ಟಿ ಅಂಚು ಇರಬೇಕು.

ಮನೆಗೆ ತಂದ ಮೇಲೆ ಒಂದು ಪರೀಕ್ಷೆ. ಒಳಜೇಬುಗಳಿಗೆ ಒಣ ಪತ್ರಿಕೆ ತುಂಡು ಮಡಚಿಡಿ, ಜಾಕೆಟ್ ಹಾಕಿಕೊಂಡು ಷವರ್ ಕೆಳಗೆ ಹತ್ತು ನಿಮಿಷ ನಿಲ್ಲಿ. ಪೇಪರ್ ತೆಗೆದು ನೋಡಿದರೆ ಎಲ್ಲಿ ಸೋರುತ್ತೆ ಗೊತ್ತಾಗುತ್ತೆ. ಬಿಲ್ ಇದ್ದಾಗಲೇ ಇದನ್ನ ಮಾಡಿ, ವಾಪಸ್ ಕೊಡಬಹುದು.

ಹೇಮಾವತಿ ದಂಡೆ, ಹಾಸನ

ಬಹಳ ಉಪಕಾರ ಆಯ್ತು. ಎರಡು ಪ್ರಶ್ನೆ ಉಳೀತು. ಅಮ್ಮನ ಸೀರೆ. ಅಪ್ಪನಿಗೆ ಬನಿಯನ್ ಇಲ್ಲದೆ ಅಂಗಿ ಹಾಕಿ ಅಭ್ಯಾಸವೇ ಇಲ್ಲ, ಥರ್ಮಲ್ ಕೆಳಗೆ ಬನಿಯನ್ ಇರಲಿ ಅಂತಾರೆ. ಪರವಾಗಿಲ್ವಾ?

ಸೂಜಿ ದಾರ, ಬೇಲೂರು

ಬನಿಯನ್ ಬೇಡವೇ ಬೇಡ. ಹತ್ತಿ ಬೆವರನ್ನ ಹೀರಿ ಅಲ್ಲೇ ಇಟ್ಟುಕೊಳ್ಳುತ್ತೆ. ಅದರ ಮೇಲೆ ಎಷ್ಟು ಒಳ್ಳೆ ಥರ್ಮಲ್ ಹಾಕಿದರೂ ಮೈಗೆ ಒದ್ದೆ ಬಟ್ಟೆ ಸುತ್ತಿದ ಹಾಗೇ. ಉಣ್ಣೆ ಹಾಗಲ್ಲ, ತನ್ನ ತೂಕದ ನೂರಕ್ಕೆ 30 ಭಾಗದಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು ನಾಟಿ ಮಾಡಿದವರಿಗೆ ಈ ಗುಣ ಗೊತ್ತು. ನೆನೆದ ಕಂಬಳಿ ಭಾರ ಆಗುತ್ತೆ, ಆದರೂ ಬೆನ್ನು ಬೆಚ್ಚಗಿರುತ್ತೆ. ಅಪ್ಪನಿಗೆ ಅರ್ಧ ತೋಳಿನ ಮೆರಿನೊ ಒಂದು ಕೊಡಿಸಿ, "ಇದೇ ಬನಿಯನ್" ಅಂತ ಹೇಳಿ. ಹಡಗಿನ ಒಳಗೆ ಹತ್ತಿ ಬನಿಯನ್, ಪಂಚೆ ಎಲ್ಲಾ ನಡೆಯುತ್ತೆ, ಹೊರಗೆ ಕಾಲಿಡೋ ದಿನ ಮಾತ್ರ ಬೇಡ.

ಸೀರೆ ಬಗ್ಗೆ. ಅಮ್ಮನನ್ನ ಪ್ಯಾಂಟಿಗೆ ಬಲವಂತ ಮಾಡಬೇಡಿ, ಸೀರೆಯಲ್ಲೇ ದಾರಿ ಇದೆ. ಹತ್ತಿ ಸೀರೆ, ರೇಷ್ಮೆ ಸೀರೆ ಹೊರಗೆ ಬೇಡ. ಪೂನಂ ಸೀರೆ, ಕ್ರೇಪ್ ಅಂಥ ಹಗುರ ಬಟ್ಟೆ ನಾಲ್ಕು. ಇವು ಒಂದು ರಾತ್ರಿಯಲ್ಲಿ ಒಣಗುತ್ತವೆ, ಇಸ್ತ್ರಿ ಬೇಡ. ಹತ್ತಿ ಲಂಗದ ಬದಲು ಒಳಗೆ ಥರ್ಮಲ್ ಲೆಗಿಂಗ್ಸ್, ಅದರ ಮೇಲೆ ಪಾಲಿಯೆಸ್ಟರ್ ಲಂಗ. ಸೀರೆಯನ್ನ ಹರಡಿನಿಂದ ಮೂರು ಬೆರಳು ಮೇಲಕ್ಕೆ ಉಡಿಸಿ. ಯಾಕಂದ್ರೆ ಅಂಚು ಒಮ್ಮೆ ನೆಲದ ನೀರು ಮುಟ್ಟಿತು ಅಂದ್ರೆ ದೀಪದ ಬತ್ತಿ ಎಣ್ಣೆ ಎಳೆಯೋ ಹಾಗೆ ಮೊಣಕಾಲವರೆಗೂ ನೀರು ಏರುತ್ತೆ. ರವಿಕೆ ಪೂರ್ತಿ ತೋಳಿನದ್ದು, ಫ್ಲೀಸ್ ಬಟ್ಟೆಯಲ್ಲಿ ಎರಡು ಹೊಲಿಸಿ. ಇಲ್ಲಿ ಯಾವ ದರ್ಜಿಯೂ ಹೊಲಿದುಕೊಡ್ತಾರೆ, ಫ್ಲೀಸ್ ಹಿಗ್ಗೋದರಿಂದ ದೊಡ್ಡ ಹೊಲಿಗೆ ಹಾಕೋಕೆ ಹೇಳಿ, ಕಂಕುಳಲ್ಲಿ ಅರ್ಧ ಇಂಚು ಸಡಿಲ ಬಿಡಿಸಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅದರ ಮೇಲೆ ಮೊಣಕಾಲು ಮುಟ್ಟೋ ಉದ್ದದ ವಾಟರ್‌ಪ್ರೂಫ್ ಕೋಟು. ಗಾಳಿಗೆ ಹಾರೋ ಸೆರಗು ಹಡಗಿನ ಇಳಿಮೆಟ್ಟಿಲ ಕಂಬಿಗೆ ಸಿಕ್ಕಿಕೊಳ್ಳೋದು ನಿಜವಾದ ಅಪಾಯ. ಪಾಂಚೊ ಅಂತ ಮಾರೋ ಮಳೆಹೊದಿಕೆಯೂ ಅದೇ ಕಾರಣಕ್ಕೆ ಬೇಡ.

ಚಿಕ್ಕ ದೋಣಿಯಲ್ಲಿ ದಡಕ್ಕೆ ಇಳಿಸೋ ದಿನ ಇದ್ದರೆ ಅಂದು ಒಂದು ದಿನಕ್ಕೆ ಸಲ್ವಾರ್ ಹಾಕೋಕೆ ಅಮ್ಮನನ್ನ ಕೇಳಿ ನೋಡಿ. ದೋಣಿ ಮೇಲೆ ಕೆಳಗೆ ಆಡ್ತಿರುವಾಗ ದೊಡ್ಡ ಹೆಜ್ಜೆ ಇಡಬೇಕಾಗುತ್ತೆ, ನಿರಿಗೆ ಕಾಲಿಗೆ ತೊಡಕುತ್ತೆ.

ಮಳೆಕಾಡು, ಮೂಡಿಗೆರೆ

ಪಾದದ ವಿಷಯ ಯಾರೂ ಎತ್ತಿಲ್ಲ. ಬೀರುವಿನಲ್ಲಿ ನಾಲ್ಕೈದು ವರ್ಷ ಇಟ್ಟ ಟ್ರೆಕ್ಕಿಂಗ್ ಶೂ ಇದ್ದರೆ ದಯವಿಟ್ಟು ಅದನ್ನ ಕಳಿಸಬೇಡಿ. ಅಟ್ಟೆಯೊಳಗಿನ ಮೆತ್ತನೆ ಪದರ ಪಾಲಿಯುರೆಥೇನ್. ನಮ್ಮ ಮಲೆನಾಡಿನ ತೇವದ ಗಾಳಿಯಲ್ಲಿ ಅದು ಹಾಕದೇ ಇದ್ದರೂ ಒಳಗೊಳಗೇ ಒಡೆಯುತ್ತೆ. ಹೊರಗಿಂದ ಹೊಸದರ ಹಾಗೇ ಕಾಣುತ್ತೆ. ಮೊದಲ ದಿನ ನೀರಲ್ಲಿ ನಡೆದಾಗ ಅಟ್ಟೆ ಪೂರ್ತಿ ಕಿತ್ತು ಬರುತ್ತೆ. ಹೆಬ್ಬೆರಳಿಂದ ಅಟ್ಟೆಯ ಪಕ್ಕ ಗಟ್ಟಿಯಾಗಿ ಒತ್ತಿ. ಪುಡಿ ಉದುರಿದರೆ, ಬಿರುಕು ಕಂಡರೆ ಮುಗೀತು.

ಹಳೇ ರೇನ್ ಜಾಕೆಟ್ಟಿಗೂ ಇದೇ ಗತಿ. ಒಳಮೈ ಅಂಟಂಟು ಆಗಿದೆ, ಬಿಳಿ ಸಿಪ್ಪೆ ಏಳ್ತಿದೆ ಅಂದ್ರೆ ಆ ಲೇಪ ಸತ್ತಿದೆ. ತೊಳೆದರೂ ಸರಿಹೋಗಲ್ಲ. ಹೊರಮೈಯಲ್ಲಿ ನೀರು ಗುಂಡುಗುಂಡಾಗಿ ಜಾರದೆ ಬಟ್ಟೆಗೆ ಹರಡುತ್ತೆ ಅನ್ನೋದಷ್ಟೇ ತೊಂದರೆ ಆದರೆ ಅದಕ್ಕೆ ಸ್ಪ್ರೇ ಸಿಗುತ್ತೆ. ಒಗೆದು, ಹೊಡೆದು, ಚೀಟಿಯಲ್ಲಿ ಹೇಳಿದಷ್ಟು ಶಾಖ ಕೊಟ್ಟರೆ ಸರಿಯಾಗುತ್ತೆ. ಬಟ್ಟೆ ಮೆದು ಮಾಡೋ ದ್ರವ ಯಾವತ್ತೂ ಹಾಕಬೇಡಿ, ರಂಧ್ರ ಕಟ್ಟಿಕೊಳ್ಳುತ್ತೆ.

ಹೊಸ ಶೂ ಕೊಳ್ಳೋದಾದರೆ ವಾಟರ್‌ಪ್ರೂಫ್ ಒಳಪದರ ಇರೋದು, ಗಿಡ್ಡ ಕತ್ತಿನದ್ದು ಸಾಕು. ಸಂಜೆ ಹೊತ್ತು ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತೆ. ಉಣ್ಣೆ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ಬೆರಳ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಲಿ. ಬಿಗಿ ಶೂ ಒಳಗೆ ಎರಡು ಕಾಲುಚೀಲ ತುರುಕಿದರೆ ಬೆಚ್ಚಗಾಗಲ್ಲ, ರಕ್ತ ಓಡದೆ ಇನ್ನೂ ತಣ್ಣಗಾಗುತ್ತೆ. ಹೊರಡೋಕೆ ಮೂರು ವಾರ ಮುಂಚೆಯಿಂದ ದಿನಾ ಒಂದು ಗಂಟೆ ಹಾಕಿ ನಡೆಯಲಿ. ಉಣ್ಣೆ ಕಾಲುಚೀಲ ಒಬ್ಬರಿಗೆ ನಾಲ್ಕು ಜೊತೆ. ಒದ್ದೆ ಶೂ ಒಣಗಿಸೋಕೆ ಒಳಗೆ ಪತ್ರಿಕೆ ಮುದುರಿ ತುಂಬಿ, ಎರಡು ಗಂಟೆಗೊಮ್ಮೆ ಬದಲಿಸಿ. ಹೇರ್ ಡ್ರೈಯರ್ ಹತ್ತಿರ ಹಿಡಿದರೆ ಅಂಟು ಬಿಡುತ್ತೆ.

ಇಬ್ಬರಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ ಪಾದಕ್ಕೆ ಶಾಖದ ಪೊಟ್ಟಣ ಬೇಡ. ಪಾದ ಜೋಮು ಇರೋರಿಗೆ ಸುಟ್ಟರೂ ಗೊತ್ತಾಗಲ್ಲ.

ಮಳೆಪ್ಯಾಂಟ್ ಅಪ್ಪನಿಗೆ ಬೇಕೇ ಬೇಕು. ಪಕ್ಕದಲ್ಲಿ ಮೊಣಕಾಲವರೆಗೂ ಜಿಪ್ ಇರೋದನ್ನ ಹುಡುಕಿ, ಶೂ ಬಿಚ್ಚದೆ ಎಳೆದು ಹಾಕಬಹುದು. ಚಳಿಯಲ್ಲಿ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತೆ, ಬಟ್ಟೆ ಬೇಗ ಬಿಚ್ಚೋ ಹಾಗಿರಬೇಕು. ಇದನ್ನ ಹೇಳೋಕೆ ಜನ ಸಂಕೋಚ ಪಡ್ತಾರೆ, ಆದರೆ ವಯಸ್ಸಾದವರು ಇದೇ ಭಯಕ್ಕೆ ನೀರು ಕುಡಿಯೋದು ಬಿಟ್ಟು ಸುಸ್ತಾಗ್ತಾರೆ.

ರೋಬಸ್ಟಾ, ಸಕಲೇಶಪುರ

ಅಟ್ಟೆ ಕಿತ್ತು ಬರೋ ಕಾರಣ ಇವತ್ತು ಅರ್ಥ ಆಯ್ತು. ಜಾಕೆಟ್ ಬಗ್ಗೆ ನನ್ನ ಮಾತು ವಾಪಸ್ ತಗೊಂಡೆ. ತಲೆಗೆ ಮಂಕಿ ಕ್ಯಾಪ್ ಸಾಕಾ?

ಮುಳ್ಳಯ್ಯನಗಿರಿ ಹಾದಿ, ಚಿಕ್ಕಮಗಳೂರು

ಸಾಕು, ಚೆನ್ನಾಗೇ ಆಗುತ್ತೆ. ಕಿವಿ, ಕತ್ತು ಎರಡೂ ಮುಚ್ಚುತ್ತೆ. ಅದರ ಮೇಲೆ ಜಾಕೆಟ್ ಟೋಪಿ ಕೂರುತ್ತಾ ನೋಡಿ ಅಷ್ಟೇ. ಚಳಿಗಾಲದಲ್ಲಿ ಟಿಬೆಟಿಯನ್ನರು ಹಾಕೋ ಅಂಗಡಿಯಲ್ಲಿ ಕೊಂಡಿದ್ದು ಅಕ್ರಿಲಿಕ್ ಆದರೂ ತಲೆಗೆ ನಡೆಯುತ್ತೆ. ಮಫ್ಲರ್‌ಗಿಂತ ಕೊಳವೆಯಂಥ ಕತ್ತುಪಟ್ಟಿ ಒಳ್ಳೇದು, ಗಾಳಿಗೆ ಬಿಚ್ಚಿಕೊಳ್ಳಲ್ಲ. ಕೈಗವಸು ಎರಡು ಜೊತೆ: ತೆಳುವಾದ್ದು ಒಳಗೆ, ನೀರು ತಡೆಯೋದು ಹೊರಗೆ. ಫೋಟೋ ತೆಗೆಯುವಾಗ ಹೊರಗಿನದ್ದು ಮಾತ್ರ ತೆಗೆಯಬಹುದು. ಗವಸಿಗೆ ದಾರ ಕಟ್ಟಿ ತೋಳಿಗೆ ಪೋಣಿಸಿ, ಡೆಕ್ಕಿಂದ ಹಾರಿದರೆ ಸಿಗಲ್ಲ.

ತಂಪು ಕನ್ನಡಕ, ಸನ್‌ಸ್ಕ್ರೀನ್ ಮರೀಬೇಡಿ. ನೀರಿನ ಮೇಲಿನ ಬಿಸಿಲು ಎರಡು ಸಲ ಹೊಡೆಯುತ್ತೆ. ಮತ್ತೆ ಕಣ್ಣುಪಟ್ಟಿ. ಜುಲೈ ಎರಡನೇ ವಾರದಲ್ಲಿ ಟ್ರೊಮ್ಸೊದಲ್ಲೂ ನಾರ್ತ್ ಕೇಪ್‌ನಲ್ಲೂ ಸೂರ್ಯ ಮುಳುಗೋದೇ ಇಲ್ಲ.

ಬಂದರು ಕಟ್ಟೆ, ಅರಸೀಕೆರೆ

ಹಡಗಿನ ಪದ್ಧತಿ ತಿಳಿಯದೆ ಬಟ್ಟೆ ಕಟ್ಟಿದರೆ ಅರ್ಧ ಕೆಲಸ ಉಳಿಯುತ್ತೆ.

ಹತ್ತೋ ದಿನ ದೊಡ್ಡ ಪೆಟ್ಟಿಗೆ ಬಂದರಿನಲ್ಲೇ ತಗೋತಾರೆ, ಕೋಣೆ ಬಾಗಿಲಿಗೆ ಬರೋದು ಸಂಜೆಗೆ. ಅಲ್ಲಿವರೆಗೆ ಹಡಗು ಹೊರಟಿರುತ್ತೆ, ಎಲ್ಲರೂ ಡೆಕ್ಕಿನ ಮೇಲೆ ಇರ್ತಾರೆ. ಫ್ಲೀಸ್, ಜಾಕೆಟ್, ಟೋಪಿ, ಮಾತ್ರೆ, ಒಂದು ಜೊತೆ ಒಳಉಡುಪು ಕೈಚೀಲದಲ್ಲೇ ಇರಬೇಕು. ವಿಮಾನದಲ್ಲಿ ಪೆಟ್ಟಿಗೆ ತಪ್ಪಿದರೆ ಹಡಗು ಕಾಯಲ್ಲ, ಪೆಟ್ಟಿಗೆ ಬಂದರಿಂದ ಬಂದರಿಗೆ ಅಟ್ಟಿಸಿಕೊಂಡು ಬರಬೇಕು. ಹಾಗಾಗಿ ಶೂ, ಜಾಕೆಟ್ ಮೈಮೇಲೇ ಹೋಗಲಿ, 7 ಕೆಜಿಯಲ್ಲೂ ಉಳಿಯುತ್ತೆ. ಅಪ್ಪನ ಅರ್ಧ ಬಟ್ಟೆ ಅಮ್ಮನ ಪೆಟ್ಟಿಗೆಯಲ್ಲಿ, ಅಮ್ಮನ ಅರ್ಧ ಅಪ್ಪನ ಪೆಟ್ಟಿಗೆಯಲ್ಲಿ ಇಡಿ. ಒಂದು ಪೆಟ್ಟಿಗೆ ಕಳೆದರೂ ಇಬ್ಬರಿಗೂ ಬಟ್ಟೆ ಇರುತ್ತೆ. ಆದರೆ ಒಂದು ದಿನ ಮುಂಚೆಯೇ ಕೋಪನ್‌ಹೇಗನ್ ತಲುಪೋ ಹಾಗೆ ಟಿಕೆಟ್ ಮಾಡಿಸೋದೇ ಮೇಲು.

ಇಸ್ತ್ರಿಪೆಟ್ಟಿಗೆ, ನೀರು ಕಾಯಿಸೋ ಕೆಟಲ್ ಹೆಚ್ಚಿನ ಹಡಗುಗಳಲ್ಲಿ ಬಿಡಲ್ಲ. ಬೆಂಕಿ ಭಯಕ್ಕೆ ಎತ್ತಿಟ್ಟುಕೊಂಡು ಕೊನೆಗೆ ಕೊಡ್ತಾರೆ. ಬಚ್ಚಲಲ್ಲಿ ಎಳೆದು ಕಟ್ಟೋ ದಾರ ಸಾಮಾನ್ಯವಾಗಿ ಇರುತ್ತೆ. ಥರ್ಮಲ್ ಒಗೆದ ಮೇಲೆ ಹಿಂಡಬೇಡಿ. ಒಣ ಟವೆಲ್ ಮೇಲೆ ಹಾಸಿ, ಎರಡನ್ನೂ ಸೇರಿಸಿ ಚಾಪೆಯಂತೆ ಸುತ್ತಿ, ಸುರುಳಿಯ ಮೇಲೆ ಮೊಣಕಾಲು ಊರಿ ಒತ್ತಿ. ನೀರೆಲ್ಲ ಟವೆಲ್‌ಗೆ ಹೋಗುತ್ತೆ. ಕೋಣೆಯ ಎ.ಸಿ. ಗಾಳಿ ಒಣ, ಬೆಳಗ್ಗೆ ಹೊತ್ತಿಗೆ ಹಾಕಬಹುದು. ಜೀನ್ಸ್ ಎರಡು ದಿನ ಆದರೂ ಒಣಗಲ್ಲ, ಒಂದರದ್ದೇ 700 ಗ್ರಾಂ ತೂಕ, ಬಿಟ್ಟುಬಿಡಿ. ಕೋಣೆ ಗೋಡೆ ಸಾಮಾನ್ಯವಾಗಿ ಉಕ್ಕಿನದ್ದು. ಅಯಸ್ಕಾಂತದ ಕೊಕ್ಕೆ ಆರು ಒಯ್ದರೆ ಒದ್ದೆ ಜಾಕೆಟ್ ತೂಗುಹಾಕೋಕೆ ಜಾಗ ಆಗುತ್ತೆ.

ಒಂದೆರಡು ರಾತ್ರಿ ಊಟಕ್ಕೆ ಚೆನ್ನಾಗಿ ಉಟ್ಟು ಬರಬೇಕು ಅಂತಿರುತ್ತೆ. ಅಮ್ಮನಿಗೆ ಒಂದೇ ರೇಷ್ಮೆ ಸೀರೆ, ಶಾಲು. ಅಪ್ಪನಿಗೆ ಒಂದು ಕೋಟು, ಇಲ್ಲವಾದರೆ ಬಂದ್‌ಗಲಾ. ಇದಕ್ಕಿಂತ ಹೆಚ್ಚು ಬೇಡ. ಡೆಕ್ಕಿನ ಬಿಸಿನೀರ ಕೊಳಕ್ಕೆ ಈಜುಡುಪು ಇಬ್ಬರಿಗೂ ಇರಲಿ, ಹತ್ತಿ ಚಡ್ಡಿಯಲ್ಲಿ ಇಳಿಯೋಕೆ ಬಿಡಲ್ಲ.

ಇಳಿಯೋ ಹಿಂದಿನ ರಾತ್ರಿ ಪೆಟ್ಟಿಗೆಗಳನ್ನ ಬಾಗಿಲ ಹೊರಗೆ ಇಡಬೇಕು, ರಾತ್ರಿಯೇ ಒಯ್ತಾರೆ. ಮರುದಿನ ಹಾಕೋ ಬಟ್ಟೆ, ಶೂ ಎಲ್ಲ ಒಳಗೆ ತುಂಬಿಬಿಟ್ಟು ರಾತ್ರಿಯ ಉಡುಪಿನಲ್ಲೇ ಉಳಿಯೋರು ಪ್ರತಿ ಸಲ ಇರ್ತಾರೆ. ಮರುದಿನದ ಬಟ್ಟೆಯನ್ನ ಮೊದಲು ಮಂಚದ ಮೇಲೆ ತೆಗೆದಿಟ್ಟು ಆಮೇಲೆ ಪೆಟ್ಟಿಗೆ ಮುಚ್ಚೋಕೆ ಹೇಳಿ.

ಎಸಳೂರು ಘಟ್ಟ, ಸಕಲೇಶಪುರ

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಆಗಸ್ಟ್‌ನಲ್ಲಿ ಅಲಾಸ್ಕಾ ಹಡಗಿಗೂ ಇದೇ ಪಟ್ಟಿ ಆಗುತ್ತಾ?

ಗಾಳಿ ನಕ್ಷೆ, ಕಡೂರು

ಬಟ್ಟೆ ಅದೇ, ಮಳೆ ಪಾಲು ಹೆಚ್ಚು. ಆಗ್ನೇಯ ಅಲಾಸ್ಕಾದಲ್ಲಿ ಮೇ, ಜೂನ್ ಸ್ವಲ್ಪ ಒಣ, ಆಗಸ್ಟಿಂದ ಮಳೆ ಏರುತ್ತಾ ಹೋಗುತ್ತೆ. ಕೆಚಿಕನ್‌ನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು. ಹಗಲು 15-18 ಡಿಗ್ರಿ. ಆದರೆ ಹಡಗು ಹಿಮನದಿಯ ಎದುರು ನಿಂತಾಗ ಹಿಮದ ಮೇಲಿನ ತಣ್ಣನೆ ಭಾರದ ಗಾಳಿ ಇಳಿಜಾರಲ್ಲಿ ಜಾರಿ ನೇರ ಡೆಕ್ಕಿಗೆ ಬರುತ್ತೆ, ಅಲ್ಲಿ ಮೂರೂ ಪದರ, ಪ್ಯಾಡೆಡ್ ಜಾಕೆಟ್ ಎಲ್ಲ ಬೇಕು. ಸ್ಕಾಗ್‌ವೇಯಿಂದ ವೈಟ್ ಪಾಸ್ ರೈಲು ಹತ್ತಿದರೆ 873 ಮೀಟರ್ ಏರುತ್ತೆ, ತುದಿಯಲ್ಲಿ ಮಂಜು. ಸೊಳ್ಳೆ ಇವೆ, ಪೂರ್ತಿ ತೋಳಿನ ತೆಳು ಅಂಗಿ ಎರಡು ಸೇರಿಸಿ. ತಿಮಿಂಗಿಲ ನೋಡೋಕೆ ರಬ್ಬರ್ ದೋಣಿಯಲ್ಲಿ ಹೋಗೋದಾದರೆ ಮೈಮುಚ್ಚೋ ಉಡುಪು ಸಾಮಾನ್ಯವಾಗಿ ಅವರೇ ಕೊಡ್ತಾರೆ, ಬುಕ್ ಮಾಡುವಾಗ ಕೇಳಿ.

ಹೇಮಾವತಿ ದಂಡೆ, ಹಾಸನ

ಎಲ್ಲ ಸೇರಿಸಿ ಅಪ್ಪನ ಪಟ್ಟಿ ಹೀಗೆ ಮಾಡಿದೆ. ಥರ್ಮಲ್ ಮೇಲೆ ಎರಡು, ಕೆಳಗೆ ಒಂದು, ಅರ್ಧ ತೋಳಿನ ಮೆರಿನೊ ಒಂದು, ಫ್ಲೀಸ್, ಪ್ಯಾಡೆಡ್, ಹೊರ ಜಾಕೆಟ್, ಮಳೆಪ್ಯಾಂಟ್. ಬೇಗ ಒಣಗೋ ಪ್ಯಾಂಟ್ ಎರಡು, ಅಂಗಿ ನಾಲ್ಕು, ಬಿಸಿಲಿಗೆ ಟೀ ಶರ್ಟ್ ಎರಡು, ಬಂದ್‌ಗಲಾ, ಪಂಚೆ ಎರಡು, ಒಳಉಡುಪು ಆರು, ಉಣ್ಣೆ ಕಾಲುಚೀಲ ನಾಲ್ಕು, ಶೂ, ಚಪ್ಪಲಿ. ತೂಕ ಹಾಕಿದರೆ 11 ಕೆಜಿ ಬಂತು. ಅಮ್ಮ ಇನ್ನೂ 12 ಕೆಜಿ ಜಾಗ ಇದೆಯಲ್ಲ, ಎರಡು ಸ್ವೆಟರ್ ಸೇರಿಸು ಅಂತಿದ್ದಾರೆ.

ಬಂದರು ಕಟ್ಟೆ, ಅರಸೀಕೆರೆ

ಒಂದು ಸೇರಿಸಿ, ಹಡಗಿನೊಳಗೆ ಸಂಜೆ ಹಾಕೋಕೆ. ಎರಡನೇದು ಬೇಡ. ಹೆಣೆದ ಸ್ವೆಟರ್ ಕಣ್ಣುಕಣ್ಣಾಗಿರೋದರಿಂದ ಗಾಳಿ ನುಗ್ಗುತ್ತೆ, ಜಾಗವೂ ಹೆಚ್ಚು ತಿನ್ನುತ್ತೆ. ಉಳಿದ ಜಾಗ ಚಟ್ನಿಪುಡಿ, ಅವಲಕ್ಕಿಗೆ ಬಿಡಿ. ಕೋಣೆ ಚಿಕ್ಕದು, ಬೀರು ಇನ್ನೂ ಚಿಕ್ಕದು. ಚಪ್ಪಲಿ ಹಿಂದೆ ಪಟ್ಟಿ ಇರೋದೇ ಆಗಲಿ, ಹಡಗು ಹೊಯ್ದಾಡಿದಾಗ ಹವಾಯಿ ಚಪ್ಪಲಿ ಜಾರುತ್ತೆ. ನಾರ್ವೆಯಲ್ಲಿ ಬಟ್ಟೆಬರೆ ಏನಾದರೂ ಕೊಂಡರೆ 25 ಶೇಕಡಾ ತೆರಿಗೆ ಸೇರಿರುತ್ತೆ, ಬೇಕಾದ್ದು ಇಲ್ಲೇ ಕೊಂಡುಬಿಡಿ.

ಹೇಮಾವತಿ ದಂಡೆ, ಹಾಸನ

ಸರಿ ಸರ್. ಕೊನೇದು ಒಂದು. ಷವರ್ ಪರೀಕ್ಷೆ ಮಾಡಿದ ಜಾಕೆಟ್, ಒಗೆದ ಥರ್ಮಲ್ ಜೂನ್ ಕೊನೆ ಮಳೆಯಲ್ಲಿ ಒಣಗ್ತಾ ಇಲ್ಲ. ಅಮ್ಮ ಬಚ್ಚಲೊಲೆ ಮೇಲಿನ ದಾರಕ್ಕೆ ಹಾಕ್ತೀನಿ ಅಂತಿದ್ದಾರೆ.

ಮಳೆಕಾಡು, ಮೂಡಿಗೆರೆ

ಥರ್ಮಲ್ ಬೇಕಾದರೆ ದೂರಕ್ಕೆ ಹಾಕಿ, ಜಾಕೆಟ್ ಬೇಡ. ಒಲೆ ಕಾವಿಗೆ ಹೊಲಿಗೆ ಪಟ್ಟಿಯ ಅಂಟು ಸಡಿಲ ಆಗುತ್ತೆ, ಹೊಗೆ ವಾಸನೆ ಒಂದು ಸಲ ಹಿಡಿದರೆ ಹಡಗಿನ ಚಿಕ್ಕ ಕೋಣೆಯಲ್ಲಿ 12 ದಿನವೂ ಹೋಗಲ್ಲ. ಒಂದು ಕೋಣೆ ಬಾಗಿಲು ಕಿಟಕಿ ಮುಚ್ಚಿ, ಜಾಕೆಟ್ ಜಿಪ್ ತೆಗೆದು ಜೇಬುಗಳನ್ನ ಹೊರಕ್ಕೆ ಎಳೆದು ಹ್ಯಾಂಗರ್‌ಗೆ ಹಾಕಿ, ಟೇಬಲ್ ಫ್ಯಾನ್ ನೇರ ಬಿಡಿ. ಒಂದು ರಾತ್ರಿ ಸಾಕು. ಮುಟ್ಟಿ ನೋಡುವಾಗ ಬಟ್ಟೆ ಅಲ್ಲ, ತೋಳಿನ ತುದಿಯ ಪಟ್ಟಿ ಮತ್ತು ಕಾಲರ್ ಒಳಗಿನ ಹೊಲಿಗೆ ಮುಟ್ಟಿ, ಕೊನೆಗೆ ಒಣಗೋದು ಅವೇ. ಅಲ್ಲಿ ತೇವ ಉಳಿದು ಪೆಟ್ಟಿಗೆ ಮುಚ್ಚಿದರೆ ತಲುಪೋ ಹೊತ್ತಿಗೆ ಬೂಷ್ಟು ಹಿಡಿದಿರುತ್ತೆ. ಪೆಟ್ಟಿಗೆಯನ್ನೂ ಒಂದು ದಿನ ಮುಂಚೆ ಬಿಚ್ಚಿ ಅದೇ ಫ್ಯಾನ್ ಮುಂದೆ ಇಡಿ. ಬೀರುವಿನಿಂದ ತೆಗೆದ ಸ್ವೆಟರ್‌ನಲ್ಲಿ ನುಸಿಗುಳಿಗೆ ವಾಸನೆ ಇದ್ದರೆ ಅದನ್ನೂ ಈಗಲೇ ಗಾಳಿಗೆ ಹಾಕಿ, ಅದು ಹೋಗೋಕೆ ವಾರ ಬೇಕು.